ಇಟಲಿ ಸಿನಿಮಾದ ಆ ಹೆಂಗಸು

ನಮ್ಮಪ್ಪ ಗಂಗಣ್ಣ ಇಟಲಿ ಚಿತ್ರರಂಗದ ಹಿರಿಯ ಕಲಾವಿದನಾದದ್ದು ಹೋದ ವರ್ಷದ ಆಷಾಢದಲ್ಲಿ. ಅದಕ್ಕೆ ಮೊದಲು ಅವನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನಡೆಸುತ್ತಿದ್ದ. ಆಮೇಲೂ ಅದನ್ನೇ ನಡೆಸುತ್ತಿದ್ದಾನೆ. ನಡುವೆ ಒಂದು ತಿಂಗಳು ಮಾತ್ರ ತುಮಕೂರಿನ ಶಿರಾ ಗೇಟಿನ ನಮ್ಮ ಬೀದಿಯವರು ಅವನನ್ನು ಕಂಡರೆ ಸ್ಕೂಟರ್ ನಿಲ್ಲಿಸಿ ನಮಸ್ಕಾರ ಹೇಳುತ್ತಿದ್ದರು. ನಮ್ಮಮ್ಮ ಸರ್ವಮಂಗಳಮ್ಮ ಅವನಿಗೆ ಊಟ ಬಡಿಸುವುದನ್ನು ನಿಲ್ಲಿಸಿದ್ದಳು. ದೊಡ್ಡ ಕಲಾವಿದರ ಬಾಳಿನಲ್ಲಿ ಈ ಎರಡೂ ಒಟ್ಟೊಟ್ಟಿಗೇ ಬರುತ್ತವಂತೆ.

ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಆಗ ದಿನಕ್ಕೊಂದು ಹಳೆಯ ಇಟಲಿ ಸಿನಿಮಾವನ್ನು ಫೋನಿನಲ್ಲಿ ನೋಡಿ, ಅದರ ಬಗ್ಗೆ ಡೈರಿಯಲ್ಲಿ ಎರಡು ಪುಟ ಬರೆದಿಡುತ್ತಿದ್ದೆ. ಅಮ್ಮನಿಗೆ ಆ ಸಿನಿಮಾಗಳ ಮೇಲೆ ಒಂದೇ ತಕರಾರು. "ಇವ್ರು ಯಾವಾಗ ನೋಡಿದ್ರೂ ನಡೀತಾನೇ ಇರ್ತಾರಲ್ಲೇ, ಆ ದೇಶಕ್ಕೆ ಬಸ್ ಬಿಟ್ಟಿಲ್ವಾ?"

ಒಂದು ಭಾನುವಾರ ಅಪ್ಪ ಮೊಸರಿನ ಪ್ಯಾಕೆಟ್ ಹಿಡಿದು ನನ್ನ ಹಿಂದೆ ಬಂದವನು ಹಾಗೇ ನಿಂತುಬಿಟ್ಟ.

"ಇದು ಯಾವ ಭಾಷೆ?"

"ಇಟಾಲಿಯನ್ ಅಪ್ಪ."

"ಇವ್ರೇ ಕಣೇ ಕುಣಿಗಲ್‌ಗೆ ಬಂದಿದ್ದು! ನಾನೂ ಇವ್ರದ್ದೊಂದ್ ಸಿನಿಮಾದಲ್ಲಿದೀನಿ."

ಅಡುಗೆಮನೆಯಿಂದ ಅಮ್ಮ ಕೂಗಿದಳು: "ಹೂಂ, ನಾನು ರಷ್ಯಾ ಸರ್ಕಸ್‌ನಲ್ಲಿದೀನಿ. ಮೊಸರು ತತ್ತಾರಯ್ಯ!"

ಅಪ್ಪ ಮೊಸರು ಕೊಟ್ಟು, ನನ್ನನ್ನು ನೀರಿನ ಟ್ಯಾಂಕ್ ನೋಡುವ ನೆಪದಲ್ಲಿ ತಾರಸಿಗೆ ಕರೆದುಕೊಂಡು ಹೋದ. ಅಲ್ಲಿ ಹೇಳಿದ್ದು ಇಷ್ಟು. ಎಂಬತ್ತಮೂರನೆಯ ಇಸವಿ. ಅಪ್ಪನಿಗೆ ಹದಿನೆಂಟು, ಆಗ ತಾನೇ ಎಸ್ಸೆಸ್ಸೆಲ್ಸಿ ಪಾಸು. ಇಟಲಿಯ ಸಿನಿಮಾದವರು ಮಂಗಳೂರಿನ ಕಡೆ ಹೋಗುತ್ತಾ ಕುಣಿಗಲ್ ಕೆರೆ ಏರಿಯ ಮೇಲೆ ಎರಡು ವ್ಯಾನು ನಿಲ್ಲಿಸಿದರು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸರನ್ನು ಕಂಡು ನಿರ್ದೇಶಕನಿಗೆ ಆಸೆಯಾಯಿತು. ಇಂಗ್ಲಿಷ್ ಬಲ್ಲವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ ಅಪ್ಪ ಮುಂದೆ ಬಂದ.

"ಸುಮ್ನೆ ನಡ್ಕೊಂಡ್ ಬರ್ಲಿ, ಏನಾದ್ರೂ ಮಾತಾಡ್ಲಿ ಅಂದ್ರು. ಮಾತು ಯಾವುದಾದ್ರೇನು, ಧ್ವನಿ ಆಮೇಲೆ ಅವ್ರ ದೇಶದಲ್ಲಿ ಹಾಕ್ತಾರಂತೆ. ನಾಲ್ಕು ಜನ ಬಂದ್ರು. ಕೊನೇಲಿ ಬಂದಿದ್ದು ನಮ್ಮವ್ವ."

ಅಜ್ಜಿಯ ಸೀರೆಗೆ ಮೂರು ಕಡೆ ತೇಪೆ, ಕಾಲಿಗೆಲ್ಲ ಕೆಸರು. ಆ ಮುಖ ನಿರ್ದೇಶಕನಿಗೆ ತುಂಬಾ ಹಿಡಿಸಿತು. ಆಕೆ ಯಾರು ಎಂದು ಅಪ್ಪನನ್ನು ಕೇಳಿದ. ಅಪ್ಪ ಹೊಸ ಪ್ಯಾಂಟಿನಲ್ಲಿದ್ದ. "ನೋ ಐಡಿಯಾ ಸಾರ್" ಅಂದ.

"ಆಗ್ಲೇ ಕಣೇ ಅವ್ವ ನನ್ನ ಕಡೆ ತಿರುಗಿ ಏನೋ ಅಂದ್ಲು. ಹಿಂದ್ಗಡೆ ಲಾರಿ ಹಾರನ್ ಹೊಡೀತು, ಕೇಳಿಸ್ಲಿಲ್ಲ. ಸಂಜೆ ಮನೇಲಿ ಅವಳೂ ಎತ್ಲಿಲ್ಲ, ನಾನೂ ಕೇಳ್ಲಿಲ್ಲ. ಮುದ್ದೆ ಇಕ್ಕಿದ್ಲು. ಮುಂದಿನ ವರ್ಷ ಕಾಮಾಲೆ ಬಂದು ಹೋಗ್ಬುಟ್ಲು."

ಅಜ್ಜಿಯ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಪಿತೃಪಕ್ಷದಲ್ಲಿ ಅಪ್ಪ ತಾತನ ಫೋಟೋಗೆ ಹಾರ ಹಾಕಿ, ಪಕ್ಕದ ಬರಿಯ ಮೊಳೆಗೆ ಒಂದು ಹೂವು ಸಿಕ್ಕಿಸುತ್ತಾನೆ. ನಾನು ಆ ಮೊಳೆಯನ್ನೇ ಅಜ್ಜಿ ಎಂದುಕೊಂಡು ಬೆಳೆದವಳು.

"ಮುಖ ಮರ್ತೇ ಹೋಗ್ತಾ ಐತೆ ಪಲ್ಲವಿ. ಒಂದ್ಸಲ ನೋಡ್ಬೇಕು. ಆವತ್ತು ಏನಂದ್ಲು ಅಂತ ತಿಳೀಬೇಕು. ಬೈದಿದ್ರೂ ಪರ್ವಾಗಿಲ್ಲ. ಧ್ವನಿ ಬ್ಯಾಡ, ತುಟಿ ಕಂಡ್ರೆ ಸಾಕು, ಓದ್ಬಿಡ್ತೀನಿ."

ಇದು ಬಡಾಯಿಯಲ್ಲ. ಪ್ರೆಸ್ಸುಗಳ ಅಬ್ಬರದಲ್ಲಿ ಕೂಗಿದರೂ ಕೇಳುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷದ ಈ ಅಭ್ಯಾಸದಿಂದಾಗಿ ಅಮ್ಮನಿಗೆ ಸ್ವಂತ ಅಡುಗೆಮನೆಯಲ್ಲೇ ಮನಸಾರೆ ಗೊಣಗುವ ಸ್ವಾತಂತ್ರ್ಯವಿಲ್ಲ.

"ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡ. ಕಾರಣವಿತ್ತು. ಯಾವ ಮದುವೆಗೆ ಹೋದರೂ ಎರಡನೆಯ ಪಂಕ್ತಿಯ ಹೊತ್ತಿಗೆ "ಹೆತ್ತವ್ವನ್ನ ಹೆಂಗೆ ನೋಡ್ಕಬೇಕು ಅಂತ ನನ್ನ ಕೇಳ್ರಯ್ಯ" ಎಂದು ನೆಂಟರಿಗೆಲ್ಲ ಉಪದೇಶ ಮಾಡುವವನು ನಮ್ಮಪ್ಪ.

ಒಣಗಿದ ಬಟ್ಟೆ ತೆಗೆಯಲು ಅಮ್ಮ ಮೆಟ್ಟಿಲು ಹತ್ತಿ ಬಂದದ್ದು, ಮುಖ ಮರೆತುಹೋಗುತ್ತಿರುವ, ಒಮ್ಮೆ ನೋಡಲೇಬೇಕಾದ, ಆವತ್ತು ಏನೋ ಹೇಳಿದ ಹೆಂಗಸಿನ ಭಾಗಕ್ಕೆ ಸರಿಯಾಗಿ. ಅವ್ವ ಎಂಬ ಮಾತು ಅವಳ ಕಿವಿಗೆ ಬೀಳಲಿಲ್ಲ.

ಅವಳು ಬಟ್ಟೆ ತೆಗೆಯಲಿಲ್ಲ. ಹಾಗೇ ಇಳಿದು ಹೋದಳು.

ಸಿನಿಮಾದ ಹೆಸರು ಅಪ್ಪನಿಗೆ ಗೊತ್ತಿರಲಿಲ್ಲ. ನಿರ್ದೇಶಕನ ಹೆಸರಿನ ಕೊನೆಗೆ "ಈ" ಬರುತ್ತಿತ್ತು ಎಂದ. ಇಟಲಿಯಲ್ಲಿ ಅರ್ಧ ದೇಶದ ಹೆಸರು ಹಾಗೇ ಮುಗಿಯುತ್ತದೆ. ಅಲ್ಲಿಯ ಚಿತ್ರ ಸಂಗ್ರಹಾಲಯವೊಂದಕ್ಕೆ ನಾನು ಪತ್ರ ಬರೆದರೆ, ಸಂಸ್ಥೆಗಳ ಮೂಲಕ ಕೇಳಿ ಎಂಬ ಉತ್ತರ ಬಂತು. ನನಗೆ ಗೊತ್ತಿದ್ದ ಒಂದೇ ಸಂಸ್ಥೆ ಗುಬ್ಬಿಯ ಚಿತ್ರ ಬಳಗ. ಅದರ ಕಾರ್ಯದರ್ಶಿ ಭೀಮರಾಜ್ ಅವರಿಗೆ ಸಿಮೆಂಟ್ ಅಂಗಡಿ ಇದೆ. ಸಿಮೆಂಟಿನ ಮೂಟೆಗಳ ಮಧ್ಯೆ ಕೂತು ಯೂರೋಪಿನ ಒಂದೊಂದು ದೇಶದ ಸಿನಿಮಾದ ಮೇಲೂ ತಿಂಗಳಿಗೊಂದು ಉಪನ್ಯಾಸ ಏರ್ಪಡಿಸುವ ಮಹಾನುಭಾವರು ಅವರು. ಫ್ರಾನ್ಸಿನ ತಿಂಗಳು ಭಾಷಣಕಾರರು ಬರದೆ ವಾಟ್ಸಾಪಿನಲ್ಲಿ ಧ್ವನಿ ಕಳಿಸಿದ್ದರಿಂದ ಅವರ ಮನಸ್ಸು ನೊಂದಿತ್ತು.

ನಾನು ಮನೆಯಲ್ಲಿ ಮೂರು ವಾಕ್ಯ ಕಂಠಪಾಠ ಮಾಡಿಕೊಂಡು ಹೋಗಿದ್ದೆ. ಅಪ್ಪ ಒಂದು ಇಟಲಿ ಸಿನಿಮಾದಲ್ಲಿದ್ದಾರೆ. ಹಿಂದೆ ಎಲ್ಲೋ ನಿಂತಿರಬಹುದು ಅಷ್ಟೆ. ಬಳಗದ ಹೆಸರಿನಲ್ಲಿ ಒಂದು ಪತ್ರ ಬೇಕು. ಅವರ ಮುಂದೆ ನಿಂತಾಗ ಮೊದಲನೆಯದು ಬಂತು, ಮೂರನೆಯದು ಬಂತು. ನಡುವಿನದು ಬರಲಿಲ್ಲ.

"ಇಟಲಿ ಸಿನಿಮಾದಲ್ಲಾ?!" ಭೀಮರಾಜ್ ಎದ್ದು ನಿಂತರು. "ತುಮಕೂರಲ್ಲಿ ಇಂಥೋರ್ ಅವ್ರೆ ಅಂತ ಒಬ್ರೂ ಹೇಳ್ಲಿಲ್ವಲ್ರೀ ನಮಗೆ! ಪತ್ರ ಇವತ್ತೇ ಕಳಿಸ್ತೀನಿ. ಉಪನ್ಯಾಸ ಮಾತ್ರ ನಿಮ್ಮ ತಂದೆಯವ್ರೇ ಮಾಡ್ಬೇಕು. ಇಟಲಿ ಚಿತ್ರರಂಗದ ಇತಿಹಾಸ ಮತ್ತು ವಿಶ್ವಪ್ರಭಾವ. ಮುಕ್ಕಾಲು ಗಂಟೆ."

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅವರು ಅದನ್ನು ಸಂತೋಷ ಎಂದು ತಿಳಿದು ಟೀ ತರಿಸಿದರು.

ನಮ್ಮ ಬೀದಿಯ ಚಂದ್ರುವಿನ ಫ್ಲೆಕ್ಸ್ ಅಂಗಡಿಗೇ ಬ್ಯಾನರಿನ ಆರ್ಡರ್ ಬಂತು. ಇಟಲಿ ಸಿನಿಮಾ ಎಂದು ಅವನು ಫೋನಿನಲ್ಲಿ ಹುಡುಕಿದಾಗ ಕಂಡದ್ದು ಕುದುರೆ, ಟೋಪಿ, ಪಿಸ್ತೂಲು. ಮೂರನೆಯ ದಿನ ಶಿರಾ ಗೇಟಿನ ಕಂಬಕ್ಕೆ ಹನ್ನೆರಡಡಿಯ ಅಪ್ಪ ಏರಿದ. ಕತ್ತಿನಿಂದ ಕೆಳಗೆ ಕುದುರೆ ಸವಾರ, ಕತ್ತಿನಿಂದ ಮೇಲೆ ಆಧಾರ್ ಕಾರ್ಡ್. ಮೂಲೆಯಲ್ಲಿ ಒಬ್ಬ ಹೆಂಗಸಿನ ಕಪ್ಪು ನೆರಳು.

"ಅದ್ಯಾರೋ?" ಎಂದು ಅಮ್ಮ ಚಂದ್ರುವನ್ನು ಕೇಳಿದಳು.

"ಹೀರೋಯಿನ್ನು ಆಂಟಿ. ಫೋಟೋ ಸಿಗ್ಲಿಲ್ಲ, ಅದಕ್ಕೆ ನೆರಳು ಹಾಕ್ದೆ. ಅಂಕಲ್ನ ಕೇಳ್ದೆ. ಮುಖ ಜ್ಞಾಪಕ ಬರ್ತಿಲ್ಲ ಕಣಪ್ಪಾ ಅಂತ ಕಣ್ಣೊರಸ್ಕಂಡ್ರು."

ಆವತ್ತಿನಿಂದ ಅಪ್ಪ ತಾನೇ ಬಡಿಸಿಕೊಳ್ಳತೊಡಗಿದ.

ಬೀದಿಯವರ ಗೌರವ ಮಾತ್ರ ದಿನೇದಿನೇ ಹೆಚ್ಚಿತು. ಪಕ್ಕದ ಮನೆಯವರು ಮಗನ ಇಟಲಿ ವೀಸಾಕ್ಕೆ ಒಂದು ಮಾತು ಹೇಳಿ ಎಂದು ಹಲಸಿನ ಹಣ್ಣು ತಂದುಕೊಟ್ಟರು. ಹಾಲಿನವನು ಕುದುರೆ ಎಷ್ಟು ಲೀಟರ್ ನೀರು ಕುಡಿಯುತ್ತದೆ ಎಂದು ವಿಚಾರಿಸಿದ. ಅಪ್ಪ ಎಲ್ಲದಕ್ಕೂ "ಅಂಥಾದ್ದೇನಿಲ್ಲ" ಎಂದ. ದೊಡ್ಡವರು ಹಾಗೇ ಹೇಳುವುದು ಎಂದು ಎಲ್ಲರಿಗೂ ಗೊತ್ತು.

ಭಾನುವಾರ ಕ್ಯಾತ್ಸಂದ್ರದಿಂದ ಅಮ್ಮನ ಅಣ್ಣ ಸಿದ್ದಗಂಗಯ್ಯ ಬಂದರು. ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್. ಬಂದವರೇ ಊಟದ ಮೇಜಿನ ಮೇಲೆ ಹಾಳೆ ಹರಡಿ, ಪೆನ್ನಿನ ಮುಚ್ಚಳ ತೆಗೆದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡರು. ಅಮ್ಮ ಬಾಗಿಲಿಗೆ ಒರಗಿ ನಿಂತಳು. ನಾನು ಫ್ರಿಜ್ಜಿನ ಪಕ್ಕ.

"ಹೆಸರು?"

"ಗಂಗಣ್ಣ."

"ನಿಂದಲ್ಲ ಕಣಯ್ಯ, ಆ ಹೆಂಗಸಿಂದು."

"ಹೇಳಕ್ಕಾಗಲ್ಲ ಭಾವ."

"ಬರ್ಕತೀನಿ. ಹೆಸರು ಹೇಳಲು ನಿರಾಕರಿಸಿರುತ್ತಾರೆ. ವಯಸ್ಸು?"

"ಆಗ ನಲವತ್ತೊಂದು."

"ನಿಂಗೆ?"

"ಹದಿನೆಂಟು."

ಸಿದ್ದಗಂಗಯ್ಯ ಪೆನ್ನು ಕೆಳಗಿಟ್ಟರು. ಸೇವೆಯಲ್ಲಿದ್ದಾಗ ಎಂಥೆಂಥ ಒತ್ತುವರಿ ನೋಡಿದವರು, ಇಂಥದ್ದು ನೋಡಿರಲಿಲ್ಲ. "ಇಪ್ಪತ್ಮೂರು ವರ್ಷ ದೊಡ್ಡೋಳಾ!"

"ಅಯ್ಯೋ ಶಿವನೇ!" ಅಮ್ಮ ಬಾಗಿಲು ಹಿಡಿದುಕೊಂಡಳು.

"ತಡೆಯವ್ವ, ಮಹಜರು ಮುಗೀಲಿ. ಆಕೆಗೆ ಮದುವೆ ಆಗಿತ್ತಾ?"

"ಆಗಿತ್ತು."

"ಮಕ್ಕಳು?"

"ಒಬ್ಬ."

"ಅವನು ಈಗ ಎಲ್ಲವ್ನೆ?"

ಅಪ್ಪ ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಇಲ್ಲೇ ತುಮಕೂರಲ್ಲೇ ಅವ್ನೆ."

"ಅವನಿಗೆ ಈ ವಿಷ್ಯ ಗೊತ್ತಾ?"

"ಚೆನ್ನಾಗ್ ಗೊತ್ತು ಭಾವ. ನಲವತ್ತು ವರ್ಷದಿಂದ ಅದೇ ಕೊರಗಲ್ಲಿ ಅವ್ನೆ."

"ಪಾಪ, ಆ ಹುಡುಗನ ಗತಿ ಯೋಚ್ನೆ ಮಾಡಿದೀಯೇನಯ್ಯ ನೀನು?" ಎಂದು ಸಿದ್ದಗಂಗಯ್ಯ ಗದರಿದರು.

"ದಿನಾ ಮಾಡ್ತೀನಿ" ಎಂದು ಅಪ್ಪ ಅತ್ತೇಬಿಟ್ಟ.

ನಿಜ ಹೇಳಲು ನಾನು ಫ್ರಿಜ್ಜಿನ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಕಾಫಿ ಮಾಡ್ಲಾ?" ಎಂದೆ. ಇಷ್ಟೇ ನನ್ನ ಕೈಲಾದದ್ದು.

ಸಿದ್ದಗಂಗಯ್ಯ ಕಾಫಿ ಕುಡಿದು ತೀರ್ಪು ಕೊಟ್ಟರು. ಉಪನ್ಯಾಸಕ್ಕೆ ತಾವೂ ತಂಗಿಯೂ ಬರುತ್ತಾರೆ. ಆ ಹೆಂಗಸು ಸಭೆಗೆ ಬಂದರೆ ಸ್ಥಳ ಪರಿಶೀಲನೆ ಅಲ್ಲಿಯೇ ನಡೆಯುತ್ತದೆ. ಆಕೆಗೀಗ ಎಂಬತ್ತು ದಾಟಿರುತ್ತದೆ ಎಂದು ಅಮ್ಮನೇ ಲೆಕ್ಕ ಹಾಕಿ, "ಬರ್ಲಿ, ಎಂಬತ್ತಾದ್ರೂ ಬಿಡಲ್ಲ" ಎಂದಳು.

ಇಟಲಿಯಿಂದ ಉತ್ತರ ಬರಲಿಲ್ಲ. ಅಪ್ಪ ಪ್ರತಿದಿನ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ನೋಡುತ್ತಿದ್ದ. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅವನು ಚಪ್ಪಲಿ ಬಿಡುತ್ತಿದ್ದ. ಈ ಒಂದು ತಿಂಗಳಲ್ಲಿ ಅವನು ಕನ್ನಡಿಯ ಮುಂದೆ ನಿಲ್ಲುವುದು ಜಾಸ್ತಿಯಾಗಿತ್ತು. ಅಮ್ಮ ಅದಕ್ಕೂ ಅರ್ಥ ಕಟ್ಟಿದ್ದಳು. ಅಪ್ಪ ನನ್ನನ್ನೂ ಒಮ್ಮೆ ಕನ್ನಡಿಯ ಮುಂದೆ ನಿಲ್ಲಿಸಿ, "ಅವ್ವಂಗೆ ಮೂಗು ನಿಂದೇ ಇತ್ತು ಅನ್ಸುತ್ತೆ. ಇಲ್ಲಾ, ನಿನ್ನ ನೋಡೀ ನೋಡೀ ಹಂಗೆ ಅಂದ್ಕಂಡಿದೀನೋ ಏನೋ" ಎಂದ. ಅಂದಿನಿಂದ ನಾನು ನನ್ನ ಮೂಗನ್ನು ಬೇರೆಯವರದ್ದೆಂಬಂತೆ ಜೋಪಾನವಾಗಿ ತೊಳೆಯುತ್ತಿದ್ದೆ.

ಉಪನ್ಯಾಸದ ದಿನ ಸಂಜೆ ಐದಕ್ಕೆ ಗುಬ್ಬಿಯ ಸಭಾಂಗಣ ತುಂಬಿತ್ತು. ನಾಟಕದ ಊರು, ಕುದುರೆ ಏರಿದ ನಟನನ್ನು ನೋಡಲು ಜನ ಬಾರದಿರುತ್ತಾರೆಯೇ? ಎರಡನೆಯ ಸಾಲಿನಲ್ಲಿ ಅಮ್ಮ, ಸಿದ್ದಗಂಗಯ್ಯ, ನಾನು. ನಮ್ಮ ಮುಂದಿನ ಸಾಲಿನಲ್ಲಿ ಹಿರೇಹಳ್ಳಿಯಿಂದ ವ್ಯಾನು ಮಾಡಿಕೊಂಡು ಬಂದ ಪ್ರೆಸ್ ವಿಭಾಗದ ಹನ್ನೊಂದು ಜನ. ಅವರಲ್ಲಿ ಹಿರಿಯಳು ಗಿರಿಯಮ್ಮ, ಅಪ್ಪನ ಪಕ್ಕದ ಯಂತ್ರದವಳು. ಅಷ್ಟೂ ಜನ ಸದ್ದಿಲ್ಲದೆ ತುಟಿಯಲ್ಲೇ ಹರಟೆ ಹೊಡೆಯುತ್ತಿದ್ದರು. ಇವರ ಶಿಸ್ತನ್ನು ನೋಡಿ ಕಲಿಯಿರಿ ಎಂದು ಭೀಮರಾಜ್ ಕಾಲೇಜು ಹುಡುಗರಿಗೆ ಮೈಕಿನಲ್ಲಿ ಹೇಳಿದರು.

ಅಪ್ಪ ಎದ್ದು ನಾನು ಬರೆದುಕೊಟ್ಟ ಹನ್ನೆರಡು ಹಾಳೆ ತೆಗೆದ. ಮೊದಲ ಹಾಳೆ ಓದಿದ. ಎರಡನೆಯದರಲ್ಲಿ "ನವವಾಸ್ತವವಾದ" ಎಂಬ ಪದ ಬಂತು. ಅದನ್ನು ಎರಡು ಸಲ ಹತ್ತಲು ಪ್ರಯತ್ನಿಸಿ, ಜಾರಿ, ಹಾಳೆ ಮಡಚಿ ಜೇಬಿಗಿಟ್ಟ.

"ನೋಡಿ ಸ್ವಾಮಿ, ಯುದ್ಧ ಆಯ್ತು. ಅವ್ರ ಸ್ಟುಡಿಯೋ ಎಲ್ಲಾ ಹಾಳಾಗೋಯ್ತು. ಫ್ಯಾಕ್ಟ್ರಿ ಮುಚ್ಚಿದ್ರೆ ನಾವೇನ್ ಮಾಡ್ತೀವಿ? ಬೀದೀಗ್ ಬರ್ತೀವಿ. ಅವ್ರೂ ಕ್ಯಾಮೆರಾ ಹಿಡ್ಕಂಡ್ ಬೀದೀಗ್ ಬಂದ್ರು. ಆಕ್ಟರ್‌ಗೆ ಕೊಡಕ್ಕೆ ಕಾಸಿಲ್ಲ. ಕೂಲಿಯೋನ್ನೇ ನಿಲ್ಸಿ, ನೀನು ಕೂಲಿಯೋನು ಅಂದ್ರು. ಅವನು ಹೌದು ಸ್ವಾಮಿ ಅಂದ. ಸಿನಿಮಾ ಆಗೋಯ್ತು. ಪ್ರಪಂಚವೇ ಕಣ್ಬಿಟ್ ನೋಡ್ತು. ಕಲ್ಕತ್ತಾದೋರು ನೋಡಿದ್ರು, ಇರಾನ್‌ನೋರು ನೋಡಿದ್ರು, ಬ್ರೆಜಿಲ್‌ನೋರು ನೋಡಿದ್ರು. ನಮ್ ಕನ್ನಡದೋರೂ ನೋಡಿ, ಅಯ್ಯೋ ಇಂಥಾ ಜನ ನಮ್ಮೂರಲ್ಲೂ ಅವ್ರಲ್ಲಾ ಅಂದ್ರು."

ಜನ ನಕ್ಕರು, ಆದರೆ ಕೇಳುತ್ತಿದ್ದರು. ಅಪ್ಪನಿಗೆ ಧೈರ್ಯ ಬಂತು.

"ಆಮೇಲೆ ಕುದುರೆ ಸಿನಿಮಾ ಮಾಡಿದ್ರು. ಒಬ್ಬ ಜರ್ಮನಿ, ಒಬ್ಬ ಅಮೆರಿಕಾ, ಒಬ್ಬ ಸ್ಪೇನು. ಒಬ್ರ ಭಾಷೆ ಒಬ್ರಿಗೆ ಬರಲ್ಲ. ಕೆಲವ್ರಿಗೆ ಡೈಲಾಗೂ ಇಲ್ಲ, ಸುಮ್ನೆ ಒಂದು ಎರಡು ಮೂರು ಎಣಿಸ್ತಾ ಬಾಯಾಡಿಸು ಅನ್ನೋರಂತೆ. ನಮ್ಮ ಲೈನಲ್ಲಿ ಮೊದ್ಲು ಡಬ್ಬ ಒತ್ತಿ ಆಮೇಲೆ ಪೇಂಟ್ ಹೊಡಿಯಲ್ವಾ, ಹಂಗೆ. ಬಾಯಿ ಒಬ್ರುದು, ಮಾತು ಇನ್ನೊಬ್ರುದು. ನೋಡೋರಿಗೆ ಗೊತ್ತಾಗಲ್ಲ. ಆದ್ರೆ..." ಇಲ್ಲಿ ಅವನ ಧ್ವನಿ ಸ್ವಲ್ಪ ತಗ್ಗಿತು. "ಆದ್ರೆ ಆ ಮೊದಲ್ನೇ ಮಾತು ಎಲ್ಲೋಗುತ್ತೆ ಅಂತ ನಾನು ಯೋಚ್ನೆ ಮಾಡ್ತಿರ್ತೀನಿ. ತುಟಿ ಮೇಲೆ ಇದ್ದೇ ಇರ್ತದೆ. ಕೇಳೋರಿರಲ್ಲ, ಅಷ್ಟೆ."

ಆಗ ಭೀಮರಾಜ್ ಓಡಿಬಂದು ಮೈಕು ಕಸಿದುಕೊಂಡರು.

"ಸಭಿಕರೇ! ಇಟಲಿಯಿಂದ ಮೂರು ದಿನದ ಹಿಂದೆಯೇ ನಮ್ಮ ಬಳಗಕ್ಕೆ ಉತ್ತರ ಬಂದಿದೆ! ಕಲಾವಿದರಿಗೇ ಅಚ್ಚರಿಯಾಗಲೆಂದು ಇದುವರೆಗೂ ಗುಟ್ಟಾಗಿಟ್ಟಿದ್ದೆವು. ಇಟಲಿಯಲ್ಲೂ ಮೂರೇ ವಾರ ಓಡಿದ ಚಿತ್ರವಂತೆ. ಅದರಲ್ಲಿ ಕುಣಿಗಲ್ ಬರುವುದು ಹನ್ನೊಂದು ಸೆಕೆಂಡು! ಆ ತುಣುಕನ್ನೂ ಕಳಿಸಿದ್ದಾರೆ!"

ಮೂರು ದಿನ. ಮೂರು ದಿನ ಅಪ್ಪ ಚಪ್ಪಲಿ ಬಿಡದೆ ನನ್ನ ಮುಖ ನೋಡಿದ್ದ.

ದೀಪ ಆರಿತು. ಪರದೆಯ ಮೇಲೆ ಕೆರೆ ಏರಿ ಬಂತು. ಹುಲ್ಲಿನ ಹೊರೆ ಹೊತ್ತ ಒಬ್ಬಳು, ಇನ್ನೊಬ್ಬಳು, ಮತ್ತೊಬ್ಬಳು. ಆಮೇಲೆ ನಾಲ್ಕನೆಯವಳು. ತೆಳ್ಳಗಿದ್ದಳು. ಏರಿಯ ಅಂಚಿನಲ್ಲಿ ಹೊಸ ಪ್ಯಾಂಟಿನ ಹುಡುಗನೊಬ್ಬ ಬೇರೆ ಕಡೆ ನೋಡುತ್ತಾ ನಿಂತಿದ್ದ. ಅವಳು ಅವನ ಕಡೆ ತಿರುಗಿ, ಸ್ವಲ್ಪ ನಕ್ಕು, ಏನೋ ಹೇಳಿದಳು. ಕೇಳಿದ್ದು ಮಾತ್ರ ಯಾವುದೋ ಇಟಲಿಯ ನಟಿಯ ದಪ್ಪ ಧ್ವನಿ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬಂತು. ಸಮುದ್ರಕ್ಕೆ ಹೋಗುವ ದಾರಿ ಇನ್ನೂ ದೂರವಿದೆ ಎಂಬ ಅರ್ಥ. ಜನ ಚಪ್ಪಾಳೆ ತಟ್ಟಿದರು.

ಮೂಗು ನನ್ನದಾಗಿರಲಿಲ್ಲ. ಆದರೆ ನಕ್ಕಾಗ ಎಡಗೆನ್ನೆಯಲ್ಲಿ ಬಿದ್ದ ಗುಳಿಯನ್ನು ನಾನು ಅಪ್ಪನ ಮುಖದಲ್ಲಿ ಹುಟ್ಟಿದಾಗಿನಿಂದ ನೋಡಿದ್ದೆ.

"ಇನ್ನೊಂದ್ಸಲ" ಎಂದ ಅಪ್ಪ. "ಶಬ್ದ ತೆಗೀರಿ."

ಶಬ್ದ ತೆಗೆದರು. ಅವನು ವೇದಿಕೆಯ ಮೇಲೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದ. ಅಷ್ಟು ಹತ್ತಿರದಿಂದ ಅವ್ವನ ತುಟಿ ಎಂದರೆ ಅಂಗೈಯಗಲದ ಬೆಳಕಿನ ಚುಕ್ಕೆಗಳು, ಅಷ್ಟೆ. ಅವನಿಗೆ ಏನೂ ಓದಲಾಗಲಿಲ್ಲ. ಮೂರನೆಯ ಸಲ ಹಾಕಿಸಿದ. ಕನ್ನಡಕ ಒರೆಸಿಕೊಂಡ. ಕನ್ನಡಕದಲ್ಲಿ ತಪ್ಪೇನೂ ಇರಲಿಲ್ಲ.

ಆಗ ಮುಂದಿನ ಸಾಲಿನ ಹನ್ನೊಂದು ಜನ ಒಟ್ಟಿಗೇ ನಕ್ಕರು. ಉಳಿದ ಸಭೆ ತಬ್ಬಿಬ್ಬಾಗಿ ನೋಡಿತು. ಅಪ್ಪ ತಿರುಗಿ, ಸದ್ದಿಲ್ಲದೆ, ತುಟಿಯಲ್ಲೇ ಕೇಳಿದ: ಏನಂದ್ಲು?

ಗಿರಿಯಮ್ಮ ಎದ್ದು ನಿಂತಳು. ಅವಳೂ ಸದ್ದು ಮಾಡಲಿಲ್ಲ. ಪರದೆಯ ಬೆಳಕಿನಲ್ಲಿ ಅವಳ ಮುಖದ ಒಂದು ಪಕ್ಕ ನನಗೆ ಕಾಣುತ್ತಿತ್ತು. ಅಪ್ಪನ ಮಗಳಾದ ನನಗೂ ಅಷ್ಟು ಓದಲು ಬರುತ್ತದೆ. ಅವಳು ತನ್ನ ಕುತ್ತಿಗೆಯ ಕೆಳಗೆ ಎರಡು ಬೆರಳಿಟ್ಟು ತಿರುಗಿಸಿ ತೋರಿಸುತ್ತಾ, ನಿಧಾನವಾಗಿ, ಯಂತ್ರದ ಮುಂದೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

ಅಂಗಿ ಗುಂಡಿ ಹಾಕ್ಕಳ್ಲಾ ಮಗ, ಫೋಟೋ ಹಿಡೀತಾವ್ರೆ.

ಅಪ್ಪನ ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತು. ಗುಂಡಿಗಳೆಲ್ಲ ಹಾಕಿಯೇ ಇದ್ದವು. ಆದರೂ ಮೇಲಿನದನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

ಹಿಂದಿನ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಅವ್ರು ಯಾರು ಸರ್? ಲಾಸ್ಟಲ್ಲಿ ಬಂದೋರು?"

ಸಿದ್ದಗಂಗಯ್ಯ ಪೆನ್ನು ತೆಗೆದರು. ಅಮ್ಮ ಕುರ್ಚಿಯ ತುದಿಗೆ ಸರಿದಳು. ಅಪ್ಪ ಮೈಕು ಹುಡುಕಿ ಬಾಯಿಗೆ ಹತ್ತಿರ ಹಿಡಿದ. ಸಭಾಂಗಣದ ಕೊನೆಯ ಬಾಗಿಲಲ್ಲಿ ನಿಂತಿದ್ದ ಕಡಲೆಕಾಯಿ ಮಾರುವವನಿಗೂ ಕೇಳುವ ಹಾಗೆ ಹೇಳಿದ.

"ನಮ್ಮವ್ವ."

ಪರದೆಯ ಮೇಲೆ ಅಜ್ಜಿ ತಿರುಗಿದ ಮುಖದಲ್ಲೇ ನಿಂತಿದ್ದಳು. ಯಾರೋ ಚಿತ್ರವನ್ನು ಅಲ್ಲಿಗೇ ತಡೆದಿದ್ದರು. ಅಮ್ಮ ಒಂದು ಗಳಿಗೆ ಆ ಮುಖ ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಆ ಮುಖ ನೋಡಿದಳು. ಮದುವೆಯಾಗಿ ಮೂವತ್ತು ವರ್ಷವಾದರೂ ಅತ್ತೆಯನ್ನು ಅವಳು ಕಂಡದ್ದು ಇದೇ ಮೊದಲು. ಕುರ್ಚಿಯಿಂದೆದ್ದು, ಸೆರಗನ್ನು ಹಿಂದಿನಿಂದ ತಂದು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಪಕ್ಕದಲ್ಲಿ ಇನ್ನೂ ಕೂತೇ ಇದ್ದ ಅಣ್ಣನ ಭುಜ ತಿವಿದಳು.

"ಎದ್ ನಿಂತ್ಕಳೋ. ನಮ್ಮತ್ತೆ ಬಂದವ್ರೆ."